ಸುದ್ದಿ ಸೈಟಿಗೆ ಹೋಸ್ಟಿಂಗ್ ಎಲ್ಲಿ ತಗೊಳ್ಳೋದು? ಉತ್ತರ ಕನ್ನಡದ ವರದಿಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿಯವ. ವೆಬ್‌ಸೈಟ್ ಮಾಡಿಕೊಡೋದು, ಕೆಟ್ಟುಹೋದ್ದನ್ನ ರಿಪೇರಿ ಮಾಡೋದು ನನ್ನ ಹೊಟ್ಟೆಪಾಡು. ಈಚೆಗೆ ಪತ್ರಿಕೆ ಕೆಲಸ ಬಿಟ್ಟೋ ಬಿಡಿಸಿಕೊಂಡೋ ಸ್ವಂತ ಸುದ್ದಿ ಸೈಟ್ ಮಾಡ್ತೇನೆ ಅನ್ನೋರು ಘಟ್ಟದ ಮೇಲೂ ಕೆಳಗೂ ಜಾಸ್ತಿ ಆಗಿದ್ದಾರೆ, ಎಲ್ಲರದ್ದೂ ಅವೇ ಪ್ರಶ್ನೆ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿ ಹಾಕಿ ಗಂಟಲು ಕಟ್ಟಿದ ಮೇಲೆ ಬರೆದೇ ಇಡುವ ಅಂತ ಕೂತೆ. ನಾನು ವಕೀಲ ಅಲ್ಲ, ಕಾನೂನಿನ ಮಾತು ಬಂದಲ್ಲೆಲ್ಲ ನಿಮ್ಮ ವಕೀಲರನ್ನ ಒಂದು ಸಲ ಕೇಳ್ಕೊಳ್ಳಿ.

ನಾವು ತಾಲೂಕು ಮಟ್ಟದ ವರದಿಗಾರರು, ನಮ್ಮ ಮೇಲೆ ಯಾವ ಸರ್ಕಾರ ಕಣ್ಣಿಡ್ತದೆ? ಇದೆಲ್ಲ ದಿಲ್ಲಿಯವರ ತಲೆಬಿಸಿ ಅಲ್ವಾ?

ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ನಮ್ಮ ಜಿಲ್ಲೆಯಲ್ಲಿ ಏನೇನಿದೆ ನೋಡಿ: ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ, ಕಾಳಿ ದಂಡೆಗೆ ಕೈಗಾ, ಅಲ್ಲಿ ಈಗಿರೋ ನಾಲ್ಕು ಘಟಕದ ಜೊತೆ 700 ಮೆಗಾವಾಟಿನ ಇನ್ನೆರಡು, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರಿನ ಗಲಾಟೆ, ಅಂಕೋಲಾ ಕೇಣಿಯಲ್ಲಿ ಇನ್ನೊಂದು ಬಂದರು, ಶರಾವತಿ ಪಂಪ್ಡ್ ಸ್ಟೋರೇಜು, ಬೇಡ್ತಿ ನದಿ ತಿರುವು, ಹುಬ್ಬಳ್ಳಿ ಅಂಕೋಲಾ ರೈಲು, ಇದರ ಮೇಲೆ ಮರಳು. ಇದರಲ್ಲಿ ಯಾವ ಸುದ್ದಿ ಬರೆದ್ರೂ ಹಿಂದೆ ಒಂದು ಸರ್ಕಾರಿ ಫೈಲ್ ಇರ್ತದೆ, ಆ ಫೈಲನ್ನ ನಿಮಗೆ ತೋರಿಸಿದ ಒಬ್ಬ ಮನುಷ್ಯ ಇರ್ತಾನೆ. ಬೆಂಗಳೂರಲ್ಲಾದ್ರೆ ಆ ಮನುಷ್ಯ ಸಾವಿರದಲ್ಲಿ ಒಬ್ಬ, ಇಲ್ಲಿ ಕಚೇರಿಯಲ್ಲಿ ಇರೋದೇ ನಾಲ್ಕು ಜನ, ನಿನ್ನೆ ನೀವು ಯಾರ ಜೊತೆ ಚಾ ಕುಡಿದ್ರಿ ಅಂತ ಇಡೀ ಪೇಟೆಗೆ ಗೊತ್ತು. ನೀವು ದೊಡ್ಡ ಮನುಷ್ಯರಾ ಸಣ್ಣೋರಾ ಅನ್ನೋದಕ್ಕೆ ಇಲ್ಲಿ ಬೆಲೆ ಇಲ್ಲ, ನಿಮ್ಮನ್ನ ಹಿಡಿದು ಅವನನ್ನ ಹುಡುಕೋದು ಎಷ್ಟು ಸಲೀಸು ಅನ್ನೋದಕ್ಕಿದೆ.

ಸುತ್ತು ಬಳಸೋದು ಬೇಡ, ಯಾವ ಕಂಪನಿ ತಗೋಬೇಕು ಅಂತ ಹೆಸರು ಹೇಳಿ.

ಹೇಳ್ತೇನೆ, ಕೆಳಗೆ ಬರ್ತದೆ. ಆದ್ರೆ ಮೊದಲು ಒಂದು ಮಾತು, ಬಾಕಿ ಎಲ್ಲ ಇದರ ಮೇಲೇ ನಿಂತಿದೆ. ಸರ್ವರ್, ಅಂದ್ರೆ ನಿಮ್ಮ ಸೈಟ್ ಕೂತಿರೋ ಕಂಪ್ಯೂಟರ್, ಯಾವ ದೇಶದಲ್ಲಿದೆ ಅಂತ ಎಲ್ಲರೂ ಕೇಳ್ತಾರೆ, ಸರ್ವರಲ್ಲಿ ಎಂತೆಂತ ತುಂಬಿಟ್ಟಿದ್ದೀರಿ ಅಂತ ಯಾರೂ ಕೇಳೋದಿಲ್ಲ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜೂರಿಯೊಂದು (ಕೇಸು ಹಾಕಬಹುದಾ ಅಂತ ನೋಡೋ ನಾಗರಿಕರ ತಂಡ) ಸಿಗ್ನಲ್ ಅನ್ನೋ ಮೆಸೇಜ್ ಆ್ಯಪ್‌ನೋರಿಗೆ ನೋಟಿಸ್ ಕೊಟ್ಟು ಎರಡು ಫೋನ್ ನಂಬರಿನ ಮಾಹಿತಿ ಕೊಡಿ ಅಂತು, ಅದರಲ್ಲಿ ಒಂದಕ್ಕೆ ಮಾತ್ರ ಸಿಗ್ನಲ್ ಅಕೌಂಟ್ ಇತ್ತು, ಅವರು ಕೊಟ್ಟಿದ್ದು ಎರಡೇ ವಿಷಯ, ಅಕೌಂಟ್ ಯಾವಾಗ ಶುರುವಾಯ್ತು, ಕೊನೆಗೆ ಯಾವಾಗ ಕನೆಕ್ಟ್ ಆಯ್ತು. ಮುಚ್ಚಿಟ್ಟಿದ್ದಲ್ಲ, ಅವರ ಹತ್ರ ಇದ್ದಿದ್ದೇ ಅಷ್ಟು. ಅಮೆರಿಕದ ನೆಲದಲ್ಲೇ ಇದ್ದು, ಅಮೆರಿಕದ ಕೋರ್ಟಿಗೇ ಉತ್ತರ ಕೊಟ್ಟು, ಆದರೂ ಯಾರ ಗುಟ್ಟೂ ಹೋಗ್ಲಿಲ್ಲ. ಅದರ ಎದುರಿಗೆ, ಐಸ್‌ಲ್ಯಾಂಡಲ್ಲಿ ಸರ್ವರ್ ಇಟ್ಟು, ಅದರೊಳಗೆ ಎರಡು ವರ್ಷದ ಲಾಗು (ಯಾರು ಯಾವಾಗ ಬಂದ್ರು ಅಂತ ಸರ್ವರ್ ಬರೆದಿಡೋ ದಾಖಲೆ), ಓದುಗರ ಫೋನ್ ನಂಬರು, ಸೋರ್ಸ್, ಅಂದ್ರೆ ಸುದ್ದಿ ಕೊಟ್ಟವ, ಕಳಿಸಿದ ಪಿಡಿಎಫ್ ಎಲ್ಲಾ ಪೇರಿಸಿಟ್ಟರೆ ಐಸ್‌ಲ್ಯಾಂಡ್ ಎಂತ ಮಾಡ್ತದೆ ಪಾಪ.

ಹೋಸ್ಟಿಂಗ್ ಅಂದ್ರೆ ಒಂದೇ ಕಂಪನಿ ಅಲ್ವಾ?

ನಾಲ್ಕು ಕೈ. ಡೊಮೇನ್ ಮಾರಿದೋರು ಒಬ್ಬರು, ಅವರ ಹತ್ರ ಇರೋದು ನಿಮ್ಮ ಸೈಟಿನ ಹೆಸರಿನ ಖಾತೆ. ಡಿಎನ್‌ಎಸ್ ನೋಡ್ಕೊಳ್ಳೋರು ಇನ್ನೊಬ್ಬರು, ಬಸ್ ಸ್ಟ್ಯಾಂಡ್ ಹತ್ರದ ಗೂಡಂಗಡಿಯವ ಇದ್ದಹಾಗೆ, ಬಂದೋರಿಗೆ ದಾರಿ ಹೇಳೋದು ಅವರ ಕೆಲಸ, ತಪ್ಪು ದಾರಿ ಹೇಳಿದ್ರೆ ಮುಗೀತು. ನಿಜವಾದ ಮನೆ ಸರ್ವರ್. ನಡುವೆ ಪುಟಗಳ ನಕಲು ಇಟ್ಕೊಂಡು ಓದುಗರಿಗೆ ಹಂಚೋ ಸಿಡಿಎನ್ ಅಂತ ಒಬ್ಬ ಏಜೆಂಟ್, ಇರಬಹುದು ಇಲ್ದಿರಬಹುದು. ಒತ್ತಡ ಹಾಕೋರು ಈ ನಾಲ್ಕರಲ್ಲಿ ಯಾವುದು ಮೆತ್ತಗಿದೆ ನೋಡಿ ಅಲ್ಲೇ ಹಾಕ್ತಾರೆ. ಸ್ವಿಟ್ಜರ್‌ಲ್ಯಾಂಡಿನ ಸರ್ವರಿಗೆ ದುಡ್ಡು ಸುರಿದು, ಡೊಮೇನ್ ಮಾತ್ರ ಪರಿಚಯದವರ ಮೂಲಕ ಅವರದ್ದೇ ಜಿಮೇಲಲ್ಲಿ ತಗೊಂಡು ಪಾಸ್‌ವರ್ಡ್ ಕೂಡ ಅವರ ಹತ್ರಾನೇ ಬಿಟ್ಟಿರೋರನ್ನ ನಾನು ಒಬ್ಬಿಬ್ಬರಲ್ಲ, ಸುಮಾರು ಜನ ನೋಡಿದ್ದೇನೆ.

ಸರ್ವರ್ ಭಾರತದಲ್ಲೇ ಇದ್ರೆ ಎಂತ ತೊಂದರೆ? ಅಗ್ಗ, ಸ್ಪೀಡೂ ಇದೆ.

ಅಡಿಕೆ ದರ, ಜಾತ್ರೆ, ಯಕ್ಷಗಾನದ ಸುದ್ದಿ ಸೈಟಾದ್ರೆ ಏನೂ ತೊಂದರೆ ಇಲ್ಲ, ಅಲ್ಲೇ ಇಡಿ. ಕಡತದ ಸುದ್ದಿ ಮಾಡೋರು ಮೂರು ವಿಷಯ ತಿಳ್ಕೊಂಡಿರಬೇಕು.

ಐಟಿ ಕಾಯ್ದೆ 2000ರ ಸೆಕ್ಷನ್ 69. ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬಂದ್ರೆ ಹೋಸ್ಟಿಂಗ್ ಕಂಪನಿ ಮಾಹಿತಿ ತೆಗೆದು ಕೊಡಲೇಬೇಕು, ಸಹಕರಿಸದಿದ್ರೆ 7 ವರ್ಷದವರೆಗೆ ಜೈಲು, ಮತ್ತೆ ಆ ವಿಷಯ ಗುಟ್ಟಾಗಿಡಬೇಕು ಅಂತ 2009ರ ನಿಯಮದಲ್ಲೇ ಇದೆ, ಹಾಗಾಗಿ ನಿಮಗೆ ಗೊತ್ತೇ ಆಗೋದಿಲ್ಲ. ಎರಡನೇದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ಕ್ಕೆ ಕೊಟ್ಟ ನಿರ್ದೇಶನ: ವಿಪಿಎಸ್ (ಬಾಡಿಗೆ ಸರ್ವರ್), ಕ್ಲೌಡ್, ಡೇಟಾ ಸೆಂಟರ್, ವಿಪಿಎನ್ (ನಿಮ್ಮ ಐಪಿ ಮರೆಮಾಡೋ ಸೇವೆ) ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್, ಐಪಿ (ನೆಟ್ ಕನೆಕ್ಷನ್ನಿನ ನಂಬರು), ಎಂತಕ್ಕೆ ತಗೊಂಡ್ರು ಅನ್ನೋದನ್ನೆಲ್ಲ ನೀವು ಬಿಟ್ಟುಹೋದ ಮೇಲೂ 5 ವರ್ಷ ಇಟ್ಕೋಬೇಕು, ಸಿಸ್ಟಮ್ ಲಾಗುಗಳನ್ನ 180 ದಿನ ಇಡಬೇಕು. ಮೂರನೇದು ಎಲ್ಲಕ್ಕಿಂತ ಮಾಮೂಲು, ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ ಸೆಕ್ಷನ್ 94, ಠಾಣಾಧಿಕಾರಿಯೇ ಲಿಖಿತ ಆದೇಶ ಕೊಟ್ಟು ದಾಖಲೆ ಕೇಳಬಹುದು. ದಿಲ್ಲಿ, ಫೋನ್ ಕದ್ದು ನೋಡೋ ಪೆಗಾಸಸ್ ಅಂತ ನಾವು ಮಾತಾಡ್ತೇವೆ, ನಮ್ಮ ಕಡೆ ಕೆಲಸ ಆಗೋದು ಈ ಮೂರನೇದ್ರಲ್ಲೇ.

ಹಾಗಾದ್ರೆ ಸ್ವಿಟ್ಜರ್‌ಲ್ಯಾಂಡ್, ಐಸ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್ ತಗೊಂಡ್ರೆ ಸೇಫಾ?

ಸ್ವಲ್ಪ ಸೇಫು. ಅಲ್ಲಿನ ಕಂಪನಿಗೆ ಇಲ್ಲಿನ ಠಾಣೆಯ ಪತ್ರ ಹೋದ್ರೆ "ನಮ್ಮ ದೇಶದ ಕೋರ್ಟಿನ ಆದೇಶ ತನ್ನಿ" ಅಂತ ವಾಪಸ್ ಬರೆಯಬಹುದು, ಆಮೇಲೆ ಅದು ಎರಡು ಸರ್ಕಾರದ ನಡುವಿನ ಕಾನೂನು ಸಹಾಯದ ದಾರಿ ಹಿಡೀಬೇಕು, ಅದಕ್ಕೆ ಸಮಯ ಬೇಕು, ಕಾರಣ ಬರೀಬೇಕು, ಒಬ್ಬ ಜಡ್ಜ್ ಓದಬೇಕು. ನೀವು ದುಡ್ಡು ಕೊಡ್ತಿರೋದು ಈ ತಡಕ್ಕೆ. ಅಮೆರಿಕದ ಜೊತೆ ಭಾರತಕ್ಕೆ 2005ರಿಂದ ಇಂಥ ಒಪ್ಪಂದ ಜಾರಿಯಲ್ಲಿದೆ, ಹಾಗಾಗಿ ಅಮೆರಿಕದಲ್ಲಿಟ್ಟರೆ ಯಾರೂ ಮುಟ್ಟೋಕಾಗೋದಿಲ್ಲ ಅನ್ನೋದು ಸುಳ್ಳು.

ಸ್ವಿಸ್ ಅಂದ ತಕ್ಷಣ ಬ್ಯಾಂಕಿನ ನೆನಪಾಗಿ ಎಲ್ಲರಿಗೂ ಧೈರ್ಯ ಬರ್ತದೆ ಮಾರಾಯ್ರೆ. 2021ರಲ್ಲಿ ಪ್ರೋಟಾನ್ ಮೇಲ್ ಕಂಪನಿ ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರರ ಐಪಿ ವಿಳಾಸ ದಾಖಲಿಸಿ ಕೊಡಬೇಕಾಗಿ ಬಂತು, ಯಾಕಂದ್ರೆ ಆದೇಶ ಸ್ವಿಸ್ ಅಧಿಕಾರಿಗಳದ್ದೇ ಆಗಿತ್ತು. ಮೇಲ್ ಒಳಗಿದ್ದದ್ದು ಮಾತ್ರ ಎನ್‌ಕ್ರಿಪ್ಟ್ (ಕೀಲಿ ಇಲ್ಲದೆ ಓದೋಕಾಗದ ಹಾಗೆ) ಆಗಿದ್ರಿಂದ ಹೋಗ್ಲಿಲ್ಲ. ಮೇಲೆ ಹೇಳಿದ ಸಿಗ್ನಲ್ ಕತೆಯೇ ಇದೂ.

ಈಗ ಹೆಸರು. ನೆದರ್‌ಲ್ಯಾಂಡ್ಸಿನ ಗ್ರೀನ್‌ಹೋಸ್ಟ್, ಐಸ್‌ಲ್ಯಾಂಡಿನ 1984 ಹೋಸ್ಟಿಂಗ್ ಇವೆರಡೂ ಪತ್ರಕರ್ತರು, ಹೋರಾಟದ ಸಂಘಟನೆಗಳ ಜೊತೆ ಕೆಲಸ ಮಾಡೋರ ನಡುವೆ ತುಂಬಾ ವರ್ಷದಿಂದ ಕೇಳಿಬರೋ ಹೆಸರು. ಸ್ವೀಡನ್ನಿನ ಕ್ಯೂರಿಯಮ್ ಅನ್ನೋ ಸಂಸ್ಥೆ ದಾಳಿಗೆ ಸಿಕ್ಕಿರೋ ಸ್ವತಂತ್ರ ಮಾಧ್ಯಮಗಳ ಸೈಟುಗಳನ್ನ ನೋಡಿಕೊಳ್ತದೆ. ಯಾವುದನ್ನಾದ್ರೂ ತಗೊಳ್ಳೋ ಮೊದಲು ಒಂದು ಮೇಲ್ ಹಾಕಿ ಕೇಳಿ: ಬೇರೆ ದೇಶದ ಪೊಲೀಸರ ಪತ್ರ ಬಂದ್ರೆ ಎಂತ ಮಾಡ್ತೀರಿ, ಕಾನೂನಲ್ಲಿ ಅವಕಾಶ ಇದ್ರೆ ನಮಗೆ ಮೊದಲು ತಿಳಿಸ್ತೀರಾ, ಲಾಗು ಎಷ್ಟು ದಿನ ಇಡ್ತೀರಿ, ದೂರು ಬಂದ ಕೂಡಲೇ ಸೈಟ್ ಇಳಿಸ್ತೀರಾ ಇಲ್ಲಾ ಉತ್ತರ ಕೊಡೋಕೆ ಸಮಯ ಕೊಡ್ತೀರಾ. ಉತ್ತರ ಬಂದ ರೀತಿ ನೋಡಿಯೇ ಅರ್ಧ ಗೊತ್ತಾಗ್ತದೆ. ಒಂದು ಸಲ ಒಂದು ಕಂಪನಿಗೆ ಇದನ್ನೇ ಬರೆದ್ರೆ ಆಫರ್ ಬಂದಿದೆ, ಮೂರು ವರ್ಷಕ್ಕೆ ತಗೊಂಡ್ರೆ 70 ಪರ್ಸೆಂಟ್ ಡಿಸ್ಕೌಂಟ್ ಅಂತ ಉತ್ತರ ಬಂತು, ಅಲ್ಲಿಗೆ ಬಿಟ್ಟೆ.

ಡೊಮೇನ್ ಡಾಟ್ ಇನ್ ತಗೊಳ್ಳೋದಾ, ಡಾಟ್ ಕಾಮಾ?

ಡಾಟ್ ಇನ್ ನಡೆಸೋದು ನಿಕ್ಸಿ, ಅದು ಕೇಂದ್ರದ ಐಟಿ ಸಚಿವಾಲಯದ ಅಡಿಯಲ್ಲಿದೆ, ಮತ್ತೆ ಡಾಟ್ ಇನ್‌ನಲ್ಲಿ ಬೇರೆ ಕಂಪನಿಯ ಹೆಸರು ಮುಂದೆ ಮಾಡಿ ನಿಮ್ಮ ಹೆಸರು ಮರೆಮಾಡೋ ಪ್ರೈವಸಿ ಸೇವೆಗೆ ಅವಕಾಶ ಇಲ್ಲ. ಡಾಟ್ ಕಾಮ್ ಅಮೆರಿಕದ ವೆರಿಸೈನ್ ಕೈಯಲ್ಲಿದೆ, ಅಲ್ಲಿನ ಕೋರ್ಟಿನ ಮಾತು ಕೇಳ್ತದೆ. ಕಡತದ ಸುದ್ದಿ ಮಾಡೋರಿಗೆ ನಾನು ಡಾಟ್ ಇನ್ ಬೇಡ ಅಂತೇನೆ. ನ್ಯಾಲಾ ಅಂತೊಂದು ಸೇವೆ ಇದೆ, ಡೊಮೇನನ್ನ ಅವರ ಹೆಸರಲ್ಲೇ ತಗೊಂಡು ನಿಮಗೆ ಬಳಸೋಕೆ ಕೊಡ್ತಾರೆ, ಕೇಳೋಕೆ ಚೆಂದ, ಆದ್ರೆ ಪಹಣಿ ಅವರ ಹೆಸರಲ್ಲಿ ಉಳುಮೆ ನಿಮ್ಮದು ಅಂದಹಾಗೆ, ನಾಳೆ ಜಗಳ ಆದ್ರೆ ಎಂತ ತೋರಿಸ್ತೀರಿ?

ನಮ್ಮ ಹೆಸರೇ ಹೊರಗೆ ಬರದಹಾಗೆ ಸೈಟ್ ನಡೆಸಬಹುದಾ?

ಆಗೋದಿಲ್ಲ ಅಂತಲ್ಲ, ಆದ್ರೆ ನೀವು ಮಾಡಲಾರಿರಿ, ನನಗೂ ಆಗೋದಿಲ್ಲ. ಯುಪಿಐ ಇರಲಿ ಕಾರ್ಡ್ ಇರಲಿ ಹೆಸರು ಹಿಂದಿನಿಂದಲೇ ಬರ್ತದೆ, ಸಿಮ್ಮಿಗೆ ಆಧಾರ್, ಮನೆ ಬ್ರಾಡ್‌ಬ್ಯಾಂಡಿಗೆ ಆಧಾರ್, ಒಂದೇ ಒಂದು ಸಲ ಮರೆತು ಮನೆಯ ನೆಟ್‌ನಿಂದ ಲಾಗಿನ್ ಆದ್ರೆ ಆರು ತಿಂಗಳ ಕಷ್ಟ ನೀರಿಗೆ. ಅದರ ಮೇಲೆ 2021ರ ಐಟಿ ನಿಯಮದ ಪ್ರಕಾರ ಡಿಜಿಟಲ್ ಸುದ್ದಿ ಪ್ರಕಾಶಕರು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ತಮ್ಮ ವಿವರ ಕೊಡಬೇಕು. ಭಾಷೆ ನೋಡಿಯೇ ನಮ್ಮ ಜನ ಹೇಳ್ತಾರೆ ಬಿಡಿ, ಎರಡು ವಾಕ್ಯ ಓದಿ ಇದು ಸಿದ್ದಾಪುರದವ, ಇದು ಕುಮಟಾದವ ಅಂತ.

ನನ್ನ ಮಟ್ಟಿಗೆ ಸುದ್ದಿ ಸೈಟಿನ ಮೇಲೆ ಸಂಪಾದಕರ ಹೆಸರು ಇರಲೇಬೇಕು, ಹೆಸರಿಲ್ಲದ ಸೈಟನ್ನ ಓದುಗರೂ ನಂಬೋದಿಲ್ಲ, ಕೋರ್ಟೂ ನಂಬೋದಿಲ್ಲ. ಮರೆಮಾಡಬೇಕಾದ್ದು ಸೋರ್ಸನ್ನ. ಈ ಎರಡನ್ನ ಬೆರೆಸಿಕೊಂಡು ತಮ್ಮನ್ನ ಅಡಗಿಸೋಕೆ ದುಡ್ಡು ಖರ್ಚು ಮಾಡ್ತಾರೆ, ಸೋರ್ಸಿನ ನಂಬರ್ ಮಾತ್ರ ಫೋನಲ್ಲಿ "ಆರ್‌ಎಫ್‌ಓ ಆಫೀಸ್ ಒಳಗಿನವ" ಅಂತ ಸೇವ್ ಮಾಡಿರ್ತಾರೆ!

ಕ್ಲೌಡ್‌ಫ್ಲೇರ್ ಹಾಕಿದ್ರೆ ಸಾಕು ಅಂತಾರಲ್ಲ?

ಅದು ಮೇಲೆ ಹೇಳಿದ ಸಿಡಿಎನ್ ಏಜೆಂಟ್, ಬೇರೆ ರೋಗದ ಮದ್ದು. ಯಾರೋ ಸಾವಿರಾರು ಕಂಪ್ಯೂಟರಿಂದ ಒಟ್ಟಿಗೆ ನುಗ್ಗಿಸಿ ಸೈಟ್ ಬೀಳಿಸ್ತಾರಲ್ಲ, ಆ ಡಿಡಾಸ್ ದಾಳಿಗೆ ಒಳ್ಳೆ ತಡೆ. ಅಪಾಯದಲ್ಲಿರೋ ಪತ್ರಕರ್ತರಿಗೆ 2014ರಿಂದ ಪ್ರಾಜೆಕ್ಟ್ ಗೆಲಿಲಿಯೋ ಅಂತ ಬಿಟ್ಟಿಯಾಗಿ ಕೊಡ್ತಾರೆ, ಗೂಗಲ್‌ನ ಪ್ರಾಜೆಕ್ಟ್ ಶೀಲ್ಡೂ ಹಾಗೇ, ಕೆನಡಾದ ಡಿಫ್ಲೆಕ್ಟ್ ಕೂಡ ಇದೆ. ಆದ್ರೆ ನಿಮ್ಮ ಓದುಗರ ಟ್ರಾಫಿಕ್ ಅವರ ಕಂಪ್ಯೂಟರಲ್ಲಿ ಬಿಚ್ಚಿ ಮತ್ತೆ ಕಟ್ಟಿ ಮುಂದೆ ಹೋಗ್ತದೆ, ಅಂದ್ರೆ ನಡುವಿನ ಏಜೆಂಟಿಗೆ ಯಾರು ಯಾವ ಪುಟ ಓದಿದ್ರು ಅಂತ ಕಾಣ್ತದೆ. ಸುದ್ದಿ ಓದೋ ಪುಟಗಳಿಗೆ ಹಾಕಿ. ಸೋರ್ಸ್ ಬರೋ ದಾರಿಗೆ ಹಾಕಬೇಡಿ.

ಸೈಟ್ ನಡೆಸೋಕೆ ಬಳಸೋ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಬಿಡಬೇಕಾ?

ಒಬ್ಬರೇ ಇಬ್ಬರೇ ಬರೆಯೋದಾದ್ರೆ ಬಿಡಿ. ಹ್ಯೂಗೋ ಥರದ ಸಾಧನದಲ್ಲಿ ಸ್ಟ್ಯಾಟಿಕ್ ಸೈಟ್ (ಪುಟಗಳನ್ನ ಮೊದಲೇ ಸಿದ್ಧ ಮಾಡಿಟ್ಟ ಸೈಟ್) ಮಾಡಿದ್ರೆ ಸರ್ವರಲ್ಲಿ ಡೇಟಾಬೇಸಿಲ್ಲ, ಲಾಗಿನ್ ಪುಟ ಇಲ್ಲ, ಒಡೆಯೋಕೆ ಬಾಗಿಲೇ ಕಮ್ಮಿ. ಇನ್ನೊಂದು ಲಾಭ ನಮ್ಮ ಕಡೆಯೋರಿಗೆ ಬೇಗ ಅರ್ಥ ಆಗ್ತದೆ: ಜೋಯಿಡಾದಲ್ಲೋ ಯಾಣದ ಹತ್ರಾನೋ ಒಂದು ಕಡ್ಡಿ ನೆಟ್‌ವರ್ಕಲ್ಲಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಉಸಿರಾಡ್ತಾ ಇರುವಾಗ್ಲೂ ಪುಟ ತೆರ್ಕೊಳ್ತದೆ, ಹಾಗಾಗಿ ಸರ್ವರ್ ಯುರೋಪಲ್ಲಿದ್ದರೂ ಸ್ಪೀಡಿನ ತಕರಾರು ಬರೋದಿಲ್ಲ.

ವರ್ಡ್‌ಪ್ರೆಸ್ಸೇ ಬೇಕು ಅಂದ್ರೆ ಪ್ಲಗಿನ್ (ಮೇಲಿಂದ ಸೇರಿಸೋ ಬಿಡಿಭಾಗ) ನಾಲ್ಕೈದಕ್ಕಿಂತ ಜಾಸ್ತಿ ಬೇಡ, ದುಡ್ಡಿನ ಥೀಮನ್ನ ಬಿಟ್ಟಿ ಕೊಡೋ ಸೈಟಿಂದ ಇಳಿಸಿಕೊಂಡು ಹಾಕ್ಬೇಡಿ, ಲಾಗಿನ್ನಿಗೆ ಎರಡನೇ ಬೀಗ ಹಾಕಿ, ಅದೂ ಎಸ್ಎಂಎಸ್ ಓಟಿಪಿ ಅಲ್ಲ, ಫೋನಲ್ಲೇ ಕೋಡ್ ಹುಟ್ಟಿಸೋ ಏಜಿಸ್ ಥರದ ಆ್ಯಪ್.

ಲಾಗ್ ಲಾಗ್ ಅಂತೀರಲ್ಲ, ಅದ್ರಲ್ಲಿ ಅಂಥದ್ದೇನಿರ್ತದೆ?

ಇದನ್ನ ಸ್ವಲ್ಪ ಉದ್ದ ಹೇಳ್ತೇನೆ, ನಾನೇ ಮಾಡಿದ ಎಡವಟ್ಟು ಇದು. ಸರ್ವರಲ್ಲಿ ಪುಟ ಕಳಿಸೋ ಸಾಫ್ಟ್‌ವೇರ್ ಎಂಜಿನ್ಎಕ್ಸ್ ಇರಲಿ ಅಪಾಚೆ ಇರಲಿ, ಇನ್‌ಸ್ಟಾಲ್ ಮಾಡಿದ ಕ್ಷಣದಿಂದ ಬಂದೋರ ಐಪಿ, ಎಷ್ಟು ಗಂಟೆಗೆ ಬಂದ್ರು, ಯಾವ ಪುಟ, ಯಾವ ಫೋನು ಅಂತ ಒಂದೊಂದು ಸಾಲು ಬರೀತಾ ಹೋಗ್ತದೆ, ನೀವು ಹೇಳಬೇಕಂತಿಲ್ಲ. ಘಟ್ಟದ ಕೆಳಗಿನ ಒಂದು ಸೈಟನ್ನ ನಾನು ಯುರೋಪಿನ ಸರ್ವರಿಗೆ ಸಾಗಿಸಿಕೊಟ್ಟೆ, ಡಿಸ್ಕೆಲ್ಲ ಎನ್‌ಕ್ರಿಪ್ಟ್ ಮಾಡಿ, ಬಹಳ ಹೆಮ್ಮೆಯಲ್ಲಿ. ಹದಿನಾಲ್ಕು ತಿಂಗಳಾದ ಮೇಲೆ ಡಿಸ್ಕ್ ತುಂಬ್ತು ಅಂತ ಫೋನ್ ಬಂತು, ತೆರೆದು ನೋಡಿದ್ರೆ ಅಷ್ಟೂ ತಿಂಗಳ ಲಾಗು ಒಂದು ಸಾಲು ಬಿಡದೆ ಕೂತಿದೆ. ಅದರಲ್ಲಿ ಒಂದು ಸುದ್ದಿ ಪ್ರಕಟ ಆಗೋ ಹಿಂದಿನ ರಾತ್ರಿ, ಡ್ರಾಫ್ಟಿನ ಗುಟ್ಟಿನ ಲಿಂಕನ್ನ ಒಂದೇ ಒಂದು ಐಪಿ ಮೂರು ಸಲ ತೆರೆದಿತ್ತು. ಅದು ಯಾರಿರಬಹುದು ಅಂತ ನನಗೂ ಗೊತ್ತಾಯ್ತು, ಯಾರಿಗೆ ಬೇಕಾದ್ರೂ ಗೊತ್ತಾಗ್ತಿತ್ತು. ಸುದ್ದಿ ಸರಿ ಇದೆಯಾ ನೋಡಿ ಹೇಳಿ ಅಂತ ಸೈಟಿನೋರು ಸೋರ್ಸಿಗೇ ಲಿಂಕ್ ಕಳಿಸಿದ್ರು. ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಯಾರೂ ಕೇಳಿ ಬಂದಿರಲಿಲ್ಲ, ಯಾವ ನೋಟಿಸೂ ಇರಲಿಲ್ಲ, ಅಳಿಸಿದೆವು. ನೋಟಿಸ್ ಬಂದ ಮೇಲೆ ಅಳಿಸಿದ್ರೆ ಅದು ಸಾಕ್ಷ್ಯ ನಾಶ, ಬೇರೆಯೇ ಕೇಸು, ಆ ಕೆಲಸ ಮಾತ್ರ ಮಾಡ್ಲೇಬೇಡಿ. ಮೊದಲ ದಿನದಿಂದಲೇ ಬರೆಯದಹಾಗೆ ಸೆಟ್ ಮಾಡೋದು ದಾರಿ. ವಿದೇಶಿ ಸರ್ವರಲ್ಲಿ ನಾನೀಗ ಓದುಗರ ಆ್ಯಕ್ಸೆಸ್ ಲಾಗ್ ಬಂದ್ ಮಾಡ್ತೇನೆ, ಎರರ್ ಲಾಗಲ್ಲೂ ಐಪಿ ಉಳೀತದೆ, ಅದನ್ನ ಕೆಲವೇ ದಿನಕ್ಕೆ ಇಟ್ಟು ತಾನಾಗಿ ಹೋಗೋಹಾಗೆ. 180 ದಿನದ ನಿಯಮ ನಿಮ್ಮ ಸಂಸ್ಥೆಗೆ ತಾಗ್ತದಾ ಅನ್ನೋದನ್ನ ವಕೀಲರ ಹತ್ರ ಕೇಳ್ಕೊಂಡೇ ಇದಕ್ಕೆ ಕೈಹಾಕಿ. ಮತ್ತೆ ಸರ್ವರಲ್ಲಿ ಬಂದ್ ಮಾಡಿ ಪುಟದಲ್ಲಿ ಗೂಗಲ್ ಅನಲಿಟಿಕ್ಸು, ಫೇಸ್‌ಬುಕ್ ಪಿಕ್ಸೆಲ್ಲು, ಗೂಗಲ್ ಫಾಂಟು ಇಟ್ಕೊಂಡಿದ್ರೆ ಓದುಗರ ಸುಳಿವು ಅಲ್ಲಿಗೆ ಹೋಗ್ತಾನೇ ಇರ್ತದೆ. ಕನ್ನಡ ಫಾಂಟನ್ನ ನಿಮ್ಮ ಸರ್ವರಲ್ಲೇ ಇಡಿ, ಏನೂ ಭಾರ ಇಲ್ಲ.

ಇನ್ನೊಂದು ಸಣ್ಣ ವಿಷಯ, ತುಂಬಾ ಜನಕ್ಕೆ ಗೊತ್ತಿಲ್ಲ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತಗೊಂಡಾಗ ಆ ಹೆಸರು ಒಂದು ಸಾರ್ವಜನಿಕ ಪಟ್ಟಿಗೆ ಹೋಗ್ತದೆ, ಯಾರು ಬೇಕಾದ್ರೂ ಹುಡುಕಬಹುದು. ಹಾಗಾಗಿ ಮುಂದಿನ ತನಿಖೆಯ ಹೆಸರಲ್ಲೇ ಸಬ್‌ಡೊಮೇನ್ (ಸೈಟಿನ ಹೆಸರಿನ ಮುಂದೆ ಸೇರಿಸೋ ಹೆಸರು) ಮಾಡಿ ಗುಟ್ಟಾಗಿದೆ ಅಂತ ಕೂರಬೇಡಿ.

ಸರ್ಕಾರ ಸೈಟನ್ನೇ ಬ್ಲಾಕ್ ಮಾಡಿದ್ರೆ? ವಿದೇಶಿ ಹೋಸ್ಟಿಂಗ್ ಇದ್ರೆ ಬ್ಲಾಕ್ ಆಗೋದಿಲ್ಲ ತಾನೆ?

ಆಗ್ತದೆ. ಬ್ಲಾಕ್ ಮಾಡೋದು ಸರ್ವರಲ್ಲಿ ಅಲ್ಲ, ಇಲ್ಲಿನ ಟೆಲಿಕಾಂ ಕಂಪನಿಯಲ್ಲಿ. ಐಟಿ ಕಾಯ್ದೆಯ ಸೆಕ್ಷನ್ 69ಎ ಅಡಿ ಆದೇಶ ಹೋದ್ರೆ ಅವರು ಡಿಎನ್‌ಎಸ್‌ನಲ್ಲಿ ಸುಳ್ಳು ಉತ್ತರ ಕೊಡ್ತಾರೆ, ಅಥವಾ ಕನೆಕ್ಷನ್ ಶುರುವಾಗುವಾಗ ಬ್ರೌಸರ್ ಹೇಳೋ ಸೈಟಿನ ಹೆಸರು ಓದಿ ಅಲ್ಲೇ ಕತ್ತರಿಸ್ತಾರೆ. ಎಚ್‌ಟಿಟಿಪಿಎಸ್ ಇದ್ದರೂ ಆ ಹೆಸರು ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣೋಹಾಗೇ ಹೋಗ್ತದೆ. 2009ರ ಬ್ಲಾಕಿಂಗ್ ನಿಯಮ 16ರ ಪ್ರಕಾರ ಆದೇಶವೂ ಗುಟ್ಟು, ಎಷ್ಟೋ ಸಲ ಸಂಪಾದಕರಿಗೆ ಗೊತ್ತಾಗೋದು ಓದುಗರು ಫೋನ್ ಮಾಡಿದಾಗ್ಲೇ.

2025ರ ಫೆಬ್ರವರಿಯಲ್ಲಿ ತಮಿಳಿನ ವಿಕಟನ್ ಸೈಟ್ ಒಂದು ವ್ಯಂಗ್ಯಚಿತ್ರಕ್ಕೆ ಬಂದ್ ಆಯ್ತು, ಮಾರ್ಚಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋಗಿ, ಆ ಒಂದು ಪುಟ ತಾತ್ಕಾಲಿಕವಾಗಿ ತೆಗೆದು ಬಾಕಿ ಸೈಟ್ ತೆರೆಸ್ಕೊಂಡ್ರು. ಅಷ್ಟು ಹಳೇ, ದೊಡ್ಡ ಸಂಸ್ಥೆಗೇ ಹೀಗೆ. ಅದೇ ವರ್ಷ ಮೇ ತಿಂಗಳಲ್ಲಿ ದಿ ವೈರ್ ಸೈಟೂ ಬ್ಲಾಕ್ ಆಗಿತ್ತು. ಇದು ಬಿಟ್ಟು ಅದೇ ಕಾಯ್ದೆಯ ಸೆಕ್ಷನ್ 79ರ ಅಡಿ ಕೇಂದ್ರದ ಸಹಯೋಗ ಪೋರ್ಟಲ್ ಮೂಲಕ ನೋಟಿಸ್ ಹೋಗೋ ದಾರಿ ಒಂದಿದೆ, ಅದನ್ನ ಪ್ರಶ್ನೆ ಮಾಡಿದ ಎಕ್ಸ್ (ಹಳೇ ಟ್ವಿಟರ್) ಕಂಪನಿಯ ಅರ್ಜಿಯನ್ನ 2025ರ ಸೆಪ್ಟೆಂಬರಲ್ಲಿ ವಜಾ ಮಾಡಿದ್ದು ನಮ್ಮ ಕರ್ನಾಟಕ ಹೈಕೋರ್ಟೇ.

ಎಂತ ಮಾಡಬಹುದು ಅಂದ್ರೆ, ಓದುಗರ ಜೊತೆ ಸೈಟ್ ಬಿಟ್ಟು ಇನ್ನೊಂದು ನೇರ ದಾರಿ ಇಟ್ಕೊಳ್ಳಿ. ಇಮೇಲಲ್ಲಿ ಸುದ್ದಿ ಕಳಿಸೋದು ಹಳೇ ಕಾಲದ್ದು ಅನ್ನಿಸಿದ್ರೂ ಒಳ್ಳೇದು. ಹಾಕಿದ ದಿನವೇ ಪ್ರತಿ ಪುಟವನ್ನ ಇಂಟರ್ನೆಟ್ ಆರ್ಕೈವಲ್ಲಿ ಉಳಿಸಿ. ಮತ್ತೆ ಬ್ಲಾಕ್ ಆದ್ರೆ ಗಾಬರಿಯಲ್ಲಿ ಸೈಟ್ ಇಳಿಸಬೇಡಿ, ಬೇರೆ ಬೇರೆ ನೆಟ್‌ವರ್ಕಲ್ಲಿ ಏನು ಕಾಣ್ತದೆ ಅಂತ ಸ್ಕ್ರೀನ್‌ಶಾಟು, ತಾರೀಕು, ಗಂಟೆ ಬರೆದಿಟ್ಕೊಳ್ಳಿ, ವಕೀಲರಿಗೆ ಮೊದಲು ಬೇಕಾಗೋದು ಅದೇ.

ಸೋರ್ಸುಗಳು ದಾಖಲೆ ಕಳಿಸೋಕೆ ಸೈಟಲ್ಲೇ ಒಂದು ಫಾರ್ಮ್ ಇಡ್ಲಾ?

ಬೇಡ. ಆ ಫಾರ್ಮ್ ತೆರೆದೋರ ಸುಳಿವು ಅವರ ಕಚೇರಿ ವೈಫೈಯಲ್ಲಿ, ಅವರ ಬ್ರೌಸರಲ್ಲಿ, ನಿಮ್ಮ ಸರ್ವರಲ್ಲಿ ಮೂರೂ ಕಡೆ ಬೀಳ್ತದೆ. ಸೆಕ್ಯೂರ್‌ಡ್ರಾಪ್ ಅಂತ 2013ರಿಂದ ದೊಡ್ಡ ಪತ್ರಿಕೆಗಳು ಬಳಸೋ ವ್ಯವಸ್ಥೆ ಇದೆ, ಯಾರು ಎಲ್ಲಿಂದ ಬಂದ್ರು ಅಂತ ಮರೆಮಾಡೋ ಟಾರ್ ಜಾಲದ ಮೂಲಕ ನಡೀತದೆ, ಚೆನ್ನಾಗಿದೆ, ಆದ್ರೆ ಅದಕ್ಕೆ ಬೇರೆ ಕಂಪ್ಯೂಟರ್, ಬೇರೆ ಕೋಣೆ, ನೋಡ್ಕೊಳ್ಳೋಕೆ ಒಬ್ಬ ತಿಳಿದೋರು ಬೇಕು, ಒಬ್ಬರೇ ನಡೆಸೋ ಸೈಟಿಗೆ ಗಂಟಲಿಗಿಂತ ದೊಡ್ಡ ತುತ್ತು. ನಿಮ್ಮ ಮಟ್ಟಕ್ಕೆ ಅದೇ ಟಾರ್ ಮೂಲಕ ಫೈಲ್ ತರಿಸ್ಕೊಳ್ಳೋ ಆನಿಯನ್‌ಶೇರ್ ಸಾಕು, ಬೇಕಾದಾಗ ತೆರೆದು ಕೆಲಸ ಮುಗಿದ ಮೇಲೆ ಮುಚ್ಚೋದು. ಇಲ್ಲಾ ಸಿಗ್ನಲ್, ಮೆಸೇಜ್ ತಾನಾಗಿ ಅಳಿಯೋ ಹಾಗೆ ಇಟ್ಟು. ಇಲ್ಲಾ ಕೈಯಿಂದ ಕೈಗೆ, ಮದುವೆ ಮನೆಯಲ್ಲೋ ಯಕ್ಷಗಾನದ ಆಟದ ಗದ್ದಲದಲ್ಲೋ, ಇಬ್ಬರೂ ಫೋನ್ ಮನೆಯಲ್ಲಿ ಬಿಟ್ಟು ಬಂದು.

ಬಂದ ಕಾಗದವನ್ನ ಹಾಗೇ ಸ್ಕ್ಯಾನ್ ಮಾಡಿ ಸೈಟಿಗೆ ಹಾಕೋ ಚಟ ಬಿಡಬೇಕು. 2017ರಲ್ಲಿ ಅಮೆರಿಕದಲ್ಲಿ ಒಂದು ಗುಪ್ತ ದಾಖಲೆಯ ಸ್ಕ್ಯಾನನ್ನ ಸುದ್ದಿ ಸೈಟಿನೋರು ಖಚಿತ ಮಾಡ್ಕೊಳ್ಳೋಕೆ ಸರ್ಕಾರಕ್ಕೇ ತೋರಿಸಿದ್ರು, ಕಾಗದ ಮಡಚಿದ ಗುರುತು ನೋಡಿ ಇದು ಪ್ರಿಂಟ್ ತೆಗೆದದ್ದು ಅಂತ ಗೊತ್ತಾಯ್ತು, ಪ್ರಿಂಟ್ ತೆಗೆದೋರ ಪಟ್ಟಿ ನೋಡಿದ್ರೆ ಆರೇ ಜನ, ದಾಖಲೆ ಕಳಿಸಿದೋರು ಸಿಕ್ಕಿಬಿದ್ರು. ನಮ್ಮ ಕಚೇರಿಗಳಲ್ಲೂ ಈಗ ಇ-ಆಫೀಸು, ಫೈಲ್ ಯಾರು ತೆರೆದ್ರು ಅಂತ ದಾಖಲಾಗ್ತದೆ. ಓದಿ, ಅರ್ಥ ಮಾಡ್ಕೊಳ್ಳಿ, ಹೊಸದಾಗಿ ಟೈಪ್ ಮಾಡಿ ಹಾಕಿ.

ಮತ್ತೆ ನಮ್ಮ ನುಡಿ, ವರ್ಡ್ ಫೈಲುಗಳು. ವರ್ಡ್ ಫೈಲಿನ ಪ್ರಾಪರ್ಟೀಸ್ ತೆರೆದ್ರೆ ಲೇಖಕರ ಜಾಗದಲ್ಲಿ ಆ ಕಂಪ್ಯೂಟರಿನ ವರ್ಡಲ್ಲಿ ಇಟ್ಟ ಬಳಕೆದಾರರ ಹೆಸರು ಕೂತಿರ್ತದೆ, ಅದು ಎಷ್ಟೋ ಸಲ ಕಚೇರಿಯ ಸೆಕ್ಷನ್ನಿನ ಹೆಸರೇ. ಮೊಬೈಲ್ ಫೋಟೋದಲ್ಲಿ ಜಿಪಿಎಸ್. ಇದನ್ನೆಲ್ಲ ತೊಳೆದು ಹಾಕಬೇಕು.

ಸರ್ವರ್ ಹೊರಗಿದ್ರೆ ನೌಕಾನೆಲೆ, ಕೈಗಾ ಒಳಗಿನ ಫೋಟೋ ಹಾಕಬಹುದಾ?

ಖಂಡಿತ ಇಲ್ಲ. ಅಧಿಕೃತ ರಹಸ್ಯ ಕಾಯ್ದೆ 1923 ಕೇಳೋದು ನೀವು ಏನು ಮಾಡಿದ್ರಿ ಅಂತ, ಸರ್ವರ್ ಎಲ್ಲಿತ್ತು ಅಂತ ಅಲ್ಲ. ಅಲ್ಲಿನ ಸ್ಥಳಾಂತರ, ಪರಿಹಾರ, ಮೀನುಗಾರರ ದಾರಿ, ಇದರ ಬಗ್ಗೆ ಎಷ್ಟು ಬೇಕಾದ್ರೂ ಬರೀರಿ, ಅದು ಬೇರೆ.

ಪೊಲೀಸ್ರು ಬಂದು ಲ್ಯಾಪ್‌ಟಾಪ್, ಫೋನ್ ಕೊಡಿ ಅಂದ್ರೆ?

ಇಷ್ಟು ಹೊತ್ತು ಹೋಸ್ಟಿಂಗ್ ಮಾತಾಡಿದ್ದು ದಂಡ ಅನ್ನಿಸೋ ಪ್ರಶ್ನೆ ಇದೇ, ಯಾಕಂದ್ರೆ ಐಸ್‌ಲ್ಯಾಂಡಿನ ರೇಕ್ಯಾವಿಕ್‌ಗೆ ಪತ್ರ ಬರೆಯೋದಕ್ಕಿಂತ ನಿಮ್ಮ ಮನೆ ಬಾಗಿಲು ಬಡಿಯೋದು ಸುಲಭ. ಸೋರ್ಸ್ ಹೆಸರು ಹೇಳ್ಬೇಕಿಲ್ಲ ಅಂತ ಕಾನೂನಿದೆ ಅಂತ ತುಂಬಾ ಜನ ನಂಬಿದ್ದಾರೆ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ ಸೆಕ್ಷನ್ 15ರಲ್ಲಿ ಆ ಮಾತಿದೆ, ಆದ್ರೆ ಅದು ಕೌನ್ಸಿಲ್ಲಿನ ವಿಚಾರಣೆಗೆ ಮಾತ್ರ, ಠಾಣೆಗೂ ಕೋರ್ಟಿಗೂ ಅದು ನಡೆಯೋದಿಲ್ಲ. ಪಾಸ್‌ವರ್ಡ್ ವಿಷಯದಲ್ಲಿ 2021ರ ಮಾರ್ಚಲ್ಲಿ ನಮ್ಮ ಹೈಕೋರ್ಟ್, ಪಾಸ್‌ವರ್ಡ್ ಕೊಡು ಅನ್ನೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದ ಹಾಗಾಗೋದಿಲ್ಲ ಅಂತ ಹೇಳಿದೆ, ಜೊತೆಗೆ ಜಪ್ತಿ ಹೇಗೆ ಮಾಡಬೇಕು ಅಂತ ಕ್ರಮಾನೂ ಹೇಳಿದೆ. ಇದು ನ್ಯಾಯ ಅಂತ ನನಗೆ ಅನ್ನಿಸೋದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೇಸನ್ನ ಹಾಕಿದ್ದು ಇದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಬಂದಾಗ ಜಗಳ ಆಡಬೇಡಿ, ಲಿಖಿತ ಆದೇಶ ಕೇಳಿ, ವಕೀಲರಿಗೆ ಫೋನ್ ಮಾಡ್ತೇನೆ ಅನ್ನಿ. ಬಿಎನ್‌ಎಸ್‌ಎಸ್ 105ರ ಪ್ರಕಾರ ಶೋಧ, ಜಪ್ತಿ ವಿಡಿಯೋ ಆಗಬೇಕು. ಜಪ್ತಿ ಪಟ್ಟಿಯ ಪ್ರತಿ ತಗೊಳ್ಳಿ, ಅದರಲ್ಲಿ ಹ್ಯಾಶ್ ವ್ಯಾಲ್ಯೂ ಬರೀರಿ ಅಂತ ಕೇಳಿ, ಅದು ಫೈಲಿನ ಬೆರಳಚ್ಚು ಇದ್ದಹಾಗೆ, ಆಮೇಲೆ ಯಾರೂ ಒಳಗೆ ಏನೂ ಸೇರಿಸಿಲ್ಲ ಅಂತ ತೋರಿಸೋಕೆ ಬೇಕು. ಅದಕ್ಕಿಂತ ಮೊದಲು, ಸುದ್ದಿ ಮುಗಿದ ಮೇಲೂ ಸೋರ್ಸಿನ ಚಾಟನ್ನ ನೆನಪಿಗಿರಲಿ ಅಂತ ಇಟ್ಕೊಳ್ಳೋ ಅಭ್ಯಾಸ ಬಿಡಿ.

ವಿಪಿಎನ್ ಹಾಕ್ಕೊಂಡು ಕೆಲಸ ಮಾಡಿದ್ರೆ ಆಗ್ತದಾ?

ನಿಮ್ಮ ಟೆಲಿಕಾಂ ಕಂಪನಿ ಬದಲು ವಿಪಿಎನ್ ಕಂಪನಿ ನೋಡ್ತದೆ, ಅಷ್ಟೇ ವ್ಯತ್ಯಾಸ. 2022ರ ಆ ನಿಯಮ ಬಂದ ಮೇಲೆ ಎಕ್ಸ್‌ಪ್ರೆಸ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಇವರೆಲ್ಲ ಭಾರತದೊಳಗಿನ ಸರ್ವರ್ ತೆಗೆದ್ರು. ಬಿಟ್ಟಿ ವಿಪಿಎನ್ ಮಾತ್ರ ಹಾಕ್ಬೇಡಿ.

ವಿದೇಶಿ ಹೋಸ್ಟಿಂಗಿಗೆ ದುಡ್ಡು ಕಟ್ಟೋದು ಹೇಗೆ, ಎಷ್ಟಾಗ್ತದೆ?

ಸ್ಟ್ಯಾಟಿಕ್ ಸೈಟಿಗೆ ಸಣ್ಣ ಪ್ಲಾನ್ ಸಾಕು, ದೊಡ್ಡದು ಬೇಡ. ರೇಟಿಗಿಂತ ತಲೆನೋವು ರಿನ್ಯೂವಲ್ಲಿನದ್ದು. ಆಟೋ ಡೆಬಿಟ್ಟಿಗೆ ರಿಸರ್ವ್ ಬ್ಯಾಂಕಿನ ನಿಯಮ ಬಂದ ಮೇಲೆ ಎಷ್ಟೋ ವಿದೇಶಿ ಕಂಪನಿಗಳಿಗೆ ನಮ್ಮ ಕಾರ್ಡಿಂದ ತಾನಾಗಿ ದುಡ್ಡು ಹೋಗೋದಿಲ್ಲ. ನನ್ನದೇ ಒಂದು ಡೊಮೇನ್ ಹೀಗೆ ಹೋಯ್ತು: ಕಾರ್ಡ್ ರಿಜೆಕ್ಟ್, ಎಚ್ಚರಿಕೆ ಮೇಲ್ ಸ್ಪ್ಯಾಮಲ್ಲಿ, ನಾನು ಮಾರಿಕಾಂಬಾ ಜಾತ್ರೆಯ ಗಡಿಬಿಡಿಯಲ್ಲಿ. ನೋಡುವಷ್ಟರಲ್ಲಿ ಬೇರೆ ಯಾರೋ ತಗೊಂಡು ರಮ್ಮಿ ಆಟದ ಜಾಹೀರಾತು ಹಾಕಿದ್ರು. ಯಾವ ಸರ್ಕಾರವೂ ಬೇಕಾಗ್ಲಿಲ್ಲ ನನ್ನ ಸೈಟ್ ಮುಚ್ಚೋಕೆ. ಐದು ವರ್ಷದ್ದು ಒಟ್ಟಿಗೆ ಕಟ್ಟಿ, ಗೋಡೆಯ ಕ್ಯಾಲೆಂಡರಲ್ಲಿ ಬರೆದಿಡಿ.

ಬ್ಯಾಕಪ್ ಎಲ್ಲಿಡೋದು?

ಸರ್ವರ್ ಇರೋ ಕಂಪನಿ ಹತ್ರ ಅಲ್ಲ. 2021ರ ಮಾರ್ಚ್ 10ಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು, ಒಂದು ಇಡೀ ಕಟ್ಟಡ ಸುಟ್ಟುಹೋಯ್ತು, ಬ್ಯಾಕಪ್ಪೂ ಅಲ್ಲೇ ಇಟ್ಟೋರು ಎಲ್ಲಾ ಕಳ್ಕೊಂಡ್ರು. ಎನ್‌ಕ್ರಿಪ್ಟ್ ಮಾಡಿದ ಒಂದು ಪ್ರತಿ ಬೇರೆ ದೇಶದ ಬೇರೆ ಕಂಪನಿಯಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕಲ್ಲಿ ನಿಮ್ಮ ಮನೆ ಬಿಟ್ಟು ಬೇರೆ ಊರಲ್ಲಿ. ಮಳೆಗಾಲದಲ್ಲಿ ಹಾರ್ಡ್‌ಡಿಸ್ಕಿಗೂ ಬೂಸ್ಟು ಬರ್ತದೆ ನಮ್ಮಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ ಇಡಿ, ಮೂರು ತಿಂಗಳಿಗೊಮ್ಮೆ ತೆಗೆದು ಫೈಲ್ ತೆರೀತದಾ ನೋಡಿ.

ಕಷ್ಟ ಬಂದಾಗ ಯಾರನ್ನ ಕೇಳೋದು? ನೀವು ಫೋನ್ ಎತ್ತೋದಿಲ್ಲ.

ಎತ್ತೋದಿಲ್ಲ, ನಿಜ, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಆ್ಯಕ್ಸೆಸ್ ನೌ ಸಂಸ್ಥೆಯ ಡಿಜಿಟಲ್ ಸೆಕ್ಯುರಿಟಿ ಹೆಲ್ಪ್‌ಲೈನ್ 24 ಗಂಟೆಯೂ ಇದೆ, ದುಡ್ಡಿಲ್ಲ, ಸೈಟ್ ಹ್ಯಾಕ್ ಆದ್ರೆ, ಫೋನಿನ ಮೇಲೆ ಅನುಮಾನ ಬಂದ್ರೆ ಅವರಿಗೆ ಬರೀರಿ. ಬ್ಲಾಕ್, ನೋಟಿಸ್, ಜಪ್ತಿ ಆದ್ರೆ ದಿಲ್ಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್, ಎಸ್‌ಎಫ್‌ಎಲ್‌ಸಿ ಇವರು ಇಂಥ ಕೇಸುಗಳನ್ನ ನೋಡಿದೋರು. ಅದರ ಜೊತೆ ಕಾರವಾರದಲ್ಲೋ ಶಿರಸಿಯಲ್ಲೋ ರಾತ್ರಿ ಹನ್ನೊಂದಕ್ಕೂ ಬರೋ ಒಬ್ಬ ವಕೀಲರನ್ನ ಈಗ್ಲೇ ಮಾತಾಡಿ ಇಟ್ಕೊಳ್ಳಿ, ಅವರ ನಂಬರನ್ನ ಫೋನಲ್ಲಿ ಮಾತ್ರ ಅಲ್ಲ, ಕಾಗದದಲ್ಲೂ ಬರೆದು ಮನೆಯೋರ ಕೈಲಿ ಕೊಡಿ, ಫೋನ್ ತಗೊಂಡು ಹೋದ ಮೇಲೆ ನೆನಪಿಂದ ಹತ್ತು ಅಂಕಿ ಹೇಳೋಕೆ ಯಾರಿಂದ್ಲೂ ಆಗೋದಿಲ್ಲ.